ಎದೆಹಾಲು ಊಡಿಸುವ ಕ್ರಮ: ಸುಶ್ರುತನಿಂದ ಉಳಿಸಿಕೊಳ್ಳಬೇಕಾದದ್ದು, ಬಿಡಬೇಕಾದದ್ದು

ಮಗು ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ತಾಯಿಯ ಬರಿಮೈಗೆ ತಾಗುವಂತೆ ಮಲಗಿಸಿ ಎದೆಗೆ ಹಚ್ಚಬೇಕು. ಹೆರಿಗೆಯಾದ ಮೂರು ಅಥವಾ ನಾಲ್ಕು ರಾತ್ರಿಗಳ ನಂತರ ಹಾಲು ಇಳಿಯುತ್ತದೆ ಎನ್ನುವ ಪ್ರಾಚೀನ ಆಯುರ್ವೇದ ಗ್ರಂಥ ಸುಶ್ರುತ ಸಂಹಿತೆ, ಮೊದಲ ದಿನ ಜೇನು-ತುಪ್ಪ ನೆಕ್ಕಿಸಲು ವಿಧಿಸುತ್ತದೆ. ಹಾಲು ತುಂಬಿ ಬರುವ ಕಾಲವನ್ನು ಅದು ಸರಿಯಾಗಿಯೇ ಗುರುತಿಸಿದೆ. ಆದರೆ ಅದಕ್ಕೂ ಮುಂಚೆ ಒಸರುವ ಹಳದಿ ಛಾಯೆಯ ಗಿಣ್ಣುಹಾಲಿನಲ್ಲಿ ರೋಗನಿರೋಧಕ ಅಂಶಗಳು ಹೇರಳವಾಗಿರುವುದರಿಂದ ಅದನ್ನು ಹಿಂಡಿ ಚೆಲ್ಲಬಾರದು. ಜೇನನ್ನಂತೂ ವರ್ಷ ತುಂಬುವವರೆಗೆ ಬೆರಳ ತುದಿಯಷ್ಟೂ ಕೊಡಕೂಡದು, ಏಕೆಂದರೆ ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಶಾಸ್ತ್ರಕ್ಕೆಂದು ಹಿರಿಯರು ಹಟ ಹಿಡಿದರೂ ಇಲ್ಲಿ ಮಣಿಯಬೇಕಾಗಿಲ್ಲ.

ಹಾಲೂಡಿಸುವಾಗ ಮಗುವಿನ ತಲೆ ಮತ್ತು ಬೆನ್ನು ಒಂದೇ ನೇರದಲ್ಲಿರಲಿ. ಬಾಯಿ ಅಗಲವಾಗಿ ತೆರೆದಾಗ ತೊಟ್ಟು ಮಾತ್ರವಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಬಹುಮಟ್ಟಿಗೆ ಒಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು. ನೋವು ನಿಲ್ಲದಿದ್ದರೆ ಕಿರುಬೆರಳನ್ನು ಮಗುವಿನ ಬಾಯಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಚ್ಚಬೇಕು. ಗಡಿಯಾರ ನೋಡದೆ, ಕೇಳಿದಾಗಲೆಲ್ಲ, ದಿನಕ್ಕೆ 8ರಿಂದ 12 ಬಾರಿ ಊಡಿಸುವುದು ವಾಡಿಕೆ.

ಮಗುವಿನ ಸ್ಪರ್ಶ, ದರ್ಶನ, ನೆನಪುಗಳಿಂದಲೇ ಹಾಲು ಹರಿಯುತ್ತದೆ, ಅದಕ್ಕೆ ಎಡೆಬಿಡದ ಸ್ನೇಹವೇ ಕಾರಣ, ಕೋಪ-ಶೋಕಗಳಿಂದ ಅದು ಬತ್ತುತ್ತದೆ ಎಂದ ಸುಶ್ರುತನ ಮಾತನ್ನು ಮಾತ್ರ ಮನೆಮಂದಿಯೆಲ್ಲ ಮನದಟ್ಟು ಮಾಡಿಕೊಳ್ಳಬೇಕು. ಮಗುವಿನ ಅಳು ಕೇಳಿದೊಡನೆ ಸೀರೆಯ ಸೆರಗು ಒದ್ದೆಯಾಗುವುದು ಆಕ್ಸಿಟೋಸಿನ್ ಹಾರ್ಮೋನಿನ ಕೆಲಸ. ಆತಂಕವು ಆ ಹಾರ್ಮೋನನ್ನು ತಡೆಯುತ್ತದೆ. ಆದ್ದರಿಂದ ಬಾಣಂತಿಯ ಎದುರು “ಹಾಲು ಸಾಲದು” ಎಂದು ಗೊಣಗುವುದಕ್ಕಿಂತ ಅವಳಿಗೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು ಉತ್ತಮ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿಯ ಅಡುಗೆ ಇರಲಿ, ಆದರೆ ನಮ್ಮ ಕಡೆಯ ಬಾಣಂತನದಲ್ಲಿ ನೀರನ್ನು ಅಳೆದು ಕೊಡುವ ಪದ್ಧತಿ ಬೇಡ, ಬಾಯಾರಿದಷ್ಟು ಕುಡಿಯಲಿ.

ಶುದ್ಧವಾದ ಹಾಲು ನೀರಿನೊಡನೆ ಒಂದಾಗಿ ಬೆರೆಯುತ್ತದೆ ಎಂಬ ಹಳೆಯ ಪರೀಕ್ಷೆಯಿಂದ ಹಾಲು ಸಾಕೋ ಇಲ್ಲವೋ ತಿಳಿಯದು. ಐದನೆಯ ದಿನದ ನಂತರ ದಿನಕ್ಕೆ 6 ಬಾರಿಯಾದರೂ ಮೂತ್ರ ಹೋಗುತ್ತಿದ್ದು, ಎರಡು ವಾರಗಳ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಹಾಗಾಗದಿದ್ದರೆ, ಅಥವಾ ಮಗು ಮಂಕಾಗಿ ಹಾಲು ಕುಡಿಯಲು ಏಳದಿದ್ದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ; ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ ಇದಕ್ಕೆ ಹೊರತು. ಆರನೆಯ ತಿಂಗಳಲ್ಲಿ ಲಘುವಾದ, ಹಿತವಾದ ಅನ್ನ ಕೊಡಬೇಕೆನ್ನುವ ಸುಶ್ರುತನೂ ಆರು ತಿಂಗಳು ತುಂಬಿದ ಮೇಲೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯೂ ಇಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತಾರೆ. ಆಗ ರಾಗಿ ಸರಿ, ಬೇಳೆಯೊಡನೆ ನುಣ್ಣಗೆ ಹಿಸುಕಿದ ಅನ್ನದಿಂದ ಆರಂಭಿಸಿ, ಎದೆಹಾಲನ್ನು ಎರಡು ವರ್ಷ ಅಥವಾ ಅದಕ್ಕೂ ಮುಂದೆ ಮುಂದುವರಿಸಬಹುದು.