ಪ್ಯಾಕೇಜ್ ದುಡ್ಡು ನಮ್ಮೂರಿಗೆ ಬಂತಾ? ಕಡದ ಪುಸ್ತಕ ಇಟ್ಟುಕೊಂಡು ನೋಡುವ ಕ್ರಮ

ಸರಕಾರ ಪ್ಯಾಕೇಜ್ ಘೋಷಿಸಿದ ಸಂಜೆ ಟಿವಿಯಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಬಡವರ ಕಷ್ಟ ತೀರಿತು ಎನ್ನುವವರು ಒಂದು ಕಡೆ, ಎಲ್ಲ ಬರೀ ಬಾಯಿಮಾತು ಎನ್ನುವವರು ಇನ್ನೊಂದು ಕಡೆ. ನನಗೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಜಿನಸಿನ ಅಂಗಡಿ. ಇಬ್ಬರ ಮಾತನ್ನೂ ನಂಬದೆ ನಾನು ಲೆಕ್ಕ ನೋಡುವ ಕ್ರಮವೊಂದಿದೆ. ನಿಮ್ಮ ಊರಲ್ಲೂ ನೋಡಬಹುದು. ಉದಾಹರಣೆಗೆ 2020ನೇ ಇಸವಿ ಸಾಕು, ಕೊರೊನಾದ ಆ ವರ್ಷ ಪ್ಯಾಕೇಜುಗಳಿಗೆ ಬರಗಾಲ ಇರಲಿಲ್ಲ.

ಮೊದಲು ದೊಡ್ಡ ಅಂಕಿಯನ್ನು ಬಿಡಿಸಿ. ಒಂದು ಹಾಳೆಯಲ್ಲಿ ಮೂರು ಸಾಲು ಹಾಕಿ: ಕೈಗೆ ಬರುವ ದುಡ್ಡು, ಸಾಲ, ಹಳೇ ಬಾಕಿ. 2020ರ ಮೇ 12ಕ್ಕೆ ಕೇಂದ್ರ 20 ಲಕ್ಷ ಕೋಟಿ ಎಂದಿತು. ಅದರಲ್ಲಿ ಸುಮಾರು 8 ಲಕ್ಷ ಕೋಟಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡಲು ಅನುಕೂಲ ಮಾಡಿಕೊಟ್ಟದ್ದು. 3 ಲಕ್ಷ ಕೋಟಿ ಸಣ್ಣ ಉದ್ಯಮಗಳ ಸಾಲಕ್ಕೆ ಗ್ಯಾರಂಟಿ. ಇವೆರಡೂ ಸಾಲದ ಸಾಲಿಗೇ ಹೋಗಬೇಕು. ಅದಕ್ಕೂ ಎರಡು ತಿಂಗಳ ಮೊದಲು, ಮಾರ್ಚ್ 19ಕ್ಕೆ, ಕೇರಳ ಸರಕಾರ 20,000 ಕೋಟಿ ಘೋಷಿಸಿತ್ತು. ಅದರಲ್ಲಿ 14,000 ಕೋಟಿ ಹಳೇ ಬಾಕಿ ತೀರಿಸಲು. 2,000 ಕೋಟಿ ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘಗಳು) ಮೂಲಕ ಸಾಲ. ಬಾಕಿ ತೀರಿಸುವುದು ಹೊಸ ಸಹಾಯ ಅಲ್ಲ, ಕೊಡಬೇಕಾದದ್ದನ್ನೇ ಕೊಡುವುದು. ಹಾಗೆಂದು ಅದನ್ನು ಹೊಡೆದು ಹಾಕಬೇಡಿ. ಬಿಲ್ ಪಾಸಾದ ಗುತ್ತಿಗೆದಾರ ಮೇಸ್ತ್ರಿಗೆ ಕೊಡುತ್ತಾನೆ, ಮೇಸ್ತ್ರಿ ಕೆಲಸದವರಿಗೆ ಕೊಡುತ್ತಾನೆ, ಅವರು ನನಗೆ ಕೊಡುತ್ತಾರೆ.

ಆಮೇಲೆ ಮೊದಲ ಸಾಲನ್ನು ಹಿಡಿಯಿರಿ. ಜನ್‌ಧನ್ ಖಾತೆ ಇದ್ದ ಹೆಂಗಸರಿಗೆ ಏಪ್ರಿಲಿನಿಂದ ಮೂರು ತಿಂಗಳು 500 ರೂಪಾಯಿ ಬಿತ್ತು. ತೊಳಿಲುರಪ್ಪಿಗೆ (ಉದ್ಯೋಗ ಖಾತ್ರಿಗೆ ನಮ್ಮಲ್ಲಿ ಹೇಳುವ ಹೆಸರು) ಬಜೆಟ್ಟಿನ 61,500 ಕೋಟಿಯ ಮೇಲೆ ಇನ್ನೂ 40,000 ಕೋಟಿ ಕೊಟ್ಟರು. ಕೇರಳದಲ್ಲಿ ಆ ವರ್ಷದ ಕೂಲಿ ದಿನಕ್ಕೆ 291 ರೂಪಾಯಿ. ತೋಟದ ಕೂಲಿಗೆ ಹೋಲಿಸಿದರೆ ಕಮ್ಮಿಯೇ. ಆದರೆ ತೊಳಿಲುರಪ್ಪಿನಲ್ಲಿ ಗುತ್ತಿಗೆದಾರರಿಗೆ ಜಾಗವಿರಲಿಲ್ಲ, ದುಡ್ಡು ನೇರ ಖಾತೆಗೆ. ನಮ್ಮಲ್ಲಿ ಆ ಕೆಲಸಕ್ಕೆ ಹೋಗುವವರು ಜಾಸ್ತಿ ಹೆಂಗಸರು, ಅವರು ದುಡ್ಡನ್ನು ಕಟ್ಟಿಡುವವರಲ್ಲ. ಕೂಲಿ 15 ದಿನದೊಳಗೆ ಸಿಗಬೇಕು ಎಂದು ಆ ಕಾನೂನಿನಲ್ಲೇ ಇತ್ತು. ಅದಕ್ಕೆ ಘೋಷಣೆಯ ತಾರೀಕು ಬರೆದುಕೊಳ್ಳಬೇಡಿ, ಖಾತೆಗೆ ಬಿದ್ದ ತಾರೀಕು ಬರೆದುಕೊಳ್ಳಿ.

ಈಗ ಕಡದ ಪುಸ್ತಕ, ಅಂದರೆ ಸಾಲಕ್ಕೆ ಕೊಟ್ಟ ಸಾಮಾನಿನ ಲೆಕ್ಕ ಬರೆದಿಡುವ ಪುಸ್ತಕ. ನಿಮಗೆ ಅಂಗಡಿ ಇಲ್ಲದಿದ್ದರೆ ಗುರುತಿನ ಅಂಗಡಿಯವರನ್ನು ಕೇಳಿ. ಹೆಸರು ಬೇಡ, ಒಟ್ಟು ಕಡ ಏರಿದೆಯೋ ಇಳಿದಿದೆಯೋ ಅಷ್ಟು ಸಾಕು. ದುಡ್ಡು ಬಂದ ಕೂಡಲೇ ವ್ಯಾಪಾರ ಏರುತ್ತದೆ ಎಂದು ಓದಿದವರು ಹೇಳುತ್ತಾರೆ. ನನ್ನ ಅಂಗಡಿಯಲ್ಲಿ ಹಾಗಲ್ಲ, ಮೊದಲು ಕಡ ಇಳಿಯುತ್ತದೆ. "ಅಕ್ಕಾ, ತೊಳಿಲುರಪ್ಪಿನದ್ದು ಬಿದ್ದಿದೆ, ಹಳತಕ್ಕೆ ಗೆರೆ ಎಳೆಯಿರಿ" ಎನ್ನುತ್ತಾರೆ. ಗಲ್ಲಾಪೆಟ್ಟಿಗೆ ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ. ಆದರೆ ಕಡ ತೀರಿದವರಿಗೆ ಮುಂದಿನ ತಿಂಗಳು ಕೇಳಲು ಮುಖ ಬರುತ್ತದೆ, ನನಗೂ ಹೋಲ್‌ಸೇಲಿನವರಿಗೆ ಕೊಡಲು ಆಗುತ್ತದೆ. ಅದರ ನಂತರ ಸಾಮಾನು ನೋಡಿ. 50 ಗ್ರಾಂ ಚಹಾಪುಡಿ ಕೊಳ್ಳುತ್ತಿದ್ದವರು ಕಾಲು ಕಿಲೋ ಕೇಳಿದರಾ? ತೆಂಗಿನೆಣ್ಣೆ ಸಣ್ಣ ಬಾಟಲಿಯಿಂದ ಲೀಟರಿಗೆ ಹೋಯಿತಾ? ಮಕ್ಕಳ ಚಪ್ಪಲಿ ಹೋಯಿತಾ? ಇಷ್ಟು ಆದರೆ ದುಡ್ಡು ಮನೆಯೊಳಗೆ ಬಂದಿದೆ ಎಂದೇ ಲೆಕ್ಕ.

ಕೇರಳ ಸರಕಾರ ಮನೆಮನೆಗೆ ಧರ್ಮಕ್ಕೆ ಕೊಟ್ಟ ಜಿನಸಿನ ಕಿಟ್ಟಿನ ವಿಷಯ ಬೇರೆಯೇ. 2020ರ ಮೊದಲ ಕಿಟ್ಟಿನಲ್ಲಿ 17 ಬಗೆ ಸಾಮಾನು ಇತ್ತು. ಜೊತೆಗೆ ರೇಷನ್ ಅಕ್ಕಿಯೂ ಧರ್ಮಕ್ಕೆ. ಕಿಟ್ಟಿನಲ್ಲಿದ್ದ ಸಾಮಾನೇ ನನ್ನ ಅಂಗಡಿಯಲ್ಲೂ ಇದ್ದದ್ದು. ಅದನ್ನು ಯಾರು ನನ್ನಿಂದ ಕೊಳ್ಳುತ್ತಾರೆ? ಅಂಗಡಿ ಲೆಕ್ಕ ಮಾತ್ರ ನೋಡಿದರೆ ಪ್ಯಾಕೇಜ್ ನಷ್ಟ ಮಾಡಿತು ಎಂದೇ ಕಾಣುತ್ತದೆ. ಆದರೆ ಆ ದಿನಗಳಲ್ಲಿ ಕೆಲಸವಿಲ್ಲದ ಮನೆಗಳಲ್ಲಿ ಒಲೆ ಉರಿದದ್ದು ಅದರಿಂದ. ಅಂಗಡಿಗೆ ಆದ ಲಾಭ ಬೇರೆ, ಊರಿಗೆ ಆದ ಉಪಕಾರ ಬೇರೆ. ಎರಡನ್ನೂ ಬೇರೆ ಬೇರೆ ಬರೆಯಿರಿ. ಊರಿನ ಕಾಲಂ ದೊಡ್ಡದಾಗಿದ್ದರೆ ನಾನು ದೂರುವುದಿಲ್ಲ (ಸುಮ್ನೆ ಗೊಣಗಬಹುದು, ಅಲ್ವಾ).

ಸಾಲವನ್ನು ಕೊನೆಗೆ ಇಟ್ಟುಕೊಳ್ಳಿ. ಕುಟುಂಬಶ್ರೀ ಸಾಲದ ಬಡ್ಡಿ ಸರಕಾರ ಕಟ್ಟಿದರೂ ಅಸಲು ನಾವೇ ಕಟ್ಟಬೇಕು. ಆ ದುಡ್ಡಲ್ಲಿ ಎರಡು ಆಡು ತಂದವರಿಗೂ, ಹಳೇ ಚಿನ್ನದ ಸಾಲಕ್ಕೆ ಕಟ್ಟಿದವರಿಗೂ ಒಂದೇ ಫಲ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ವ್ಯಾಪಾರ ಏರಿದ್ದೆಲ್ಲ ಪ್ಯಾಕೇಜಿನ ಪುಣ್ಯ ಅಲ್ಲ. ಹಿಂದಿನ ತಿಂಗಳಿಗೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಜೂನಿನಲ್ಲಿ ಶಾಲೆ ಶುರು, ಓಣಂಗೆ ಬೋನಸ್, ಕೈಸೇರುವ ಪೆನ್ಶನ್, ಇವೆಲ್ಲ ಯಾವಾಗಲೂ ಇದ್ದದ್ದೇ. ಲಾಕ್‌ಡೌನ್ ಕಳೆದ ಮೇಲೆ ಅಡಿಕೆಗೆ ಒಳ್ಳೆಯ ರೇಟು ಬಂತು. ತೋಟದವರ ಕೈಯಲ್ಲಿ ಓಡಾಡಿದ ದುಡ್ಡು ಅದರದ್ದು, ದೆಹಲಿಯದ್ದಲ್ಲ. ಗಲ್ಫಿನಿಂದ ವಾಪಸ್ ಬಂದವರ ಮನೆಗಳಲ್ಲಿ ಉಲ್ಟಾ, ಖರ್ಚು ನಿಂತಿತು.

ಇನ್ನೊಂದನ್ನು ಗಡಿನಾಡಿನವರು ಮಾತ್ರ ಗಮನಿಸಬಹುದು. ನಮ್ಮ ದುಡ್ಡು ಇಲ್ಲಿ ನಿಲ್ಲುವುದಿಲ್ಲ. ಮದುವೆ ಬಟ್ಟೆಗೆ ಮಂಗಳೂರು, ಆಸ್ಪತ್ರೆಗೆ ಮಂಗಳೂರು, ಫ್ರಿಜ್ಜಿಗೂ ಮಂಗಳೂರು ಅಥವಾ ಪುತ್ತೂರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಹೇಳತೀರದು. ಆದರೆ ಊರಿನ ದುಡ್ಡು ಊರಲ್ಲೇ ಸುತ್ತಿದ್ದೂ ಆಗಲೇ. ಆದ್ದರಿಂದ ಯಾವ ಯೋಜನೆಯ ದುಡ್ಡೇ ಬರಲಿ, ಖರ್ಚು ಮಾಡಿದವರನ್ನು "ಸಾಮಾನು ಎಲ್ಲಿ ಕೊಂಡದ್ದು?" ಎಂದು ಕೇಳಿ. ನಮ್ಮ ಜಿಲ್ಲೆಯ ತಲಪಾಡಿ–ಚೆಂಗಳ ಆರು ಪಥದ ಹೆದ್ದಾರಿಗೂ ಇದೇ ಪ್ರಶ್ನೆ. ಸಿಮೆಂಟ್, ಕಬ್ಬಿಣದ ದುಡ್ಡು ಹೊರಗೆ ಹೋಯಿತು. ಶೆಡ್ಡಿನಲ್ಲಿದ್ದ ಉತ್ತರ ಭಾರತದ ಹುಡುಗರು ಕೂಲಿಯನ್ನು ಮನೆಗೆ ಕಳಿಸಿದರು. ಇಲ್ಲಿ ಉಳಿದದ್ದು ಊಟ, ಬಾಡಿಗೆ, ಮೊಬೈಲ್ ರೀಚಾರ್ಜು. ರಸ್ತೆಯ ಲಾಭ ಇನ್ನು ಮುಂದೆ ಬರಬೇಕಾದದ್ದು, ಅದನ್ನು ಈಗಲೇ ಅಳೆಯಲು ಹೋಗಬೇಡಿ.

ಹಾಳೆ ತುಂಬಿದ ಮೇಲೆ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. "ಯೋಜನೆ ಒಳ್ಳೆಯದಾ?" ಎಂದು ಕೇಳಿದರೆ ಭಾಷಣ ಸಿಗುತ್ತದೆ. ಹೀಗೆ ಕೇಳಿ: ನಮ್ಮ ವಾರ್ಡಿಗೆ ಎಷ್ಟು ಬಂತು, ಅದರಲ್ಲಿ ಕೂಲಿ ಎಷ್ಟು, ಸಾಮಾನಿಗೆ ಎಷ್ಟು, ಖಾತೆಗೆ ಬಿದ್ದದ್ದು ಯಾವ ತಾರೀಕು? ಬಾಯಲ್ಲಿ ಉತ್ತರ ಬಾರದಿದ್ದರೆ ಅರ್ಜಿ ಬರೆದು ಕೊಡಿ. ಕಾಸರಗೋಡಿನಲ್ಲಿ ಕನ್ನಡದಲ್ಲೇ ಬರೆಯಬಹುದು, ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ. ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡೇ ಹೊರಗೆ ಬನ್ನಿ.