ದಾವಣಗೆರೆಯಲ್ಲೇ ಬಂತು ಫಾಸ್ಫೋ-ಸ್ಟ್ಯಾಟ್1 ಬ್ಯಾಂಡ್: ನನ್ನ ಅನುಭವ

“ಫಾಸ್ಫೋ ಬ್ಲಾಟ್ ಇಲ್ಲೆಲ್ಲ ಆಗೋ ಮಾತಲ್ಲ ಮೇಡಂ, ಸ್ಯಾಂಪಲ್ ಬೆಂಗಳೂರಿಗೆ ಕಳಿಸಿಬಿಡಿ” ಅಂದವರು ಒಬ್ಬಿಬ್ಬರಲ್ಲ. ಫಾಸ್ಫೋ ಬ್ಲಾಟ್ ಅಂದರೆ ಸೆಲ್‌ನ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಮೆಂಬ್ರೇನ್ ಅನ್ನುವ ತೆಳು ಹಾಳೆಗೆ ಇಳಿಸಿ, ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಬ್ಯಾಂಡ್ (ಗೆರೆ) ಆಗಿ ಕಾಣಿಸುವ ಪರೀಕ್ಷೆ. ನಮ್ಮಲ್ಲಿ ಕೋಲ್ಡ್ ಸೆಂಟ್ರಿಫ್ಯೂಜ್ ಇಲ್ಲ, ಬ್ಲಾಟ್‌ನ ಬೆಳಕು ಹಿಡಿಯುವ ಇಮೇಜರ್ ಇಲ್ಲ. ಏಪ್ರಿಲ್‌ನಲ್ಲಿ ಹೊರಗೆ 38 ಡಿಗ್ರಿ, ಕರೆಂಟ್ ಯಾವ ಹೊತ್ತಿಗೆ ಹೋಗುತ್ತದೋ ಹೇಳಕ್ಕಾಗಲ್ಲ. ಈಗ ಅದೇ ಲ್ಯಾಬಿನಲ್ಲಿ ಫಾಸ್ಫೋ-ಸ್ಟ್ಯಾಟ್1, ಅಂದರೆ ಟೈರೋಸಿನ್ 701ರ ಜಾಗದಲ್ಲಿ ಫಾಸ್ಫೇಟ್ ಅಂಟಿದ ಸ್ಟ್ಯಾಟ್1 ಪ್ರೋಟೀನ್, ಅದರ 91 ಮತ್ತು 84 ಕಿಲೋಡಾಲ್ಟನ್ ಗಾತ್ರದ ರೂಪ ಎರಡೂ ಬಿಡಿಬಿಡಿಯಾಗಿ, ಹಾಕಿದಾಗಲೆಲ್ಲ ಬರುತ್ತಿದೆ.

ಇದನ್ನು ಗುರುತಿಸುವ ಆ್ಯಂಟಿಬಾಡಿಯ 100 ಮೈಕ್ರೋಲೀಟರ್ ವಯಲ್‌ಗೆ ಕೊಟ್ಟದ್ದು ಹೆಚ್ಚೂಕಡಿಮೆ 45,000 ರೂಪಾಯಿ. ಅದು ಕೊರಿಯರ್‌ನವರ ಗೋಡೌನಿನಲ್ಲಿ ಕೊಳೆತು, ಐಸ್ ಪ್ಯಾಕ್ ಪೂರ್ತಿ ಕರಗಿ ಕೈಗೆ ಬಂತು. ತಿಂಗಳುಗಟ್ಟಲೆ ಖಾಲಿ ಫಿಲ್ಮು. ವಯಲ್ ಸತ್ತಿದೆ, ಹೊಸದು ತರಿಸಿ ಅಂದರು. ನಾನು ಒಪ್ಪಲಿಲ್ಲ. ಐಜಿಜಿ, ಅಂದರೆ ಆ ಆ್ಯಂಟಿಬಾಡಿ, ಒಂದೆರಡು ದಿನದ ಸೆಕೆಗೆ ಸಾಯುವಂಥದ್ದಲ್ಲ. ಸೆಕೆಯಲ್ಲಿ ಹಾರಿಹೋಗುತ್ತಿದ್ದದ್ದು ಲೈಸೇಟ್‌ನಲ್ಲಿರುವ (ಒಡೆದ ಸೆಲ್‌ನ ರಸ) ಪ್ರೋಟೀನಿನ ಫಾಸ್ಫೇಟ್. ತಡೆಯಲು ವನಾಡೇಟ್, ಫ್ಲೋರೈಡ್ ಎಲ್ಲ ಹಾಕಿದರೂ ತಣ್ಣಗಿಡಲಾಗದ ಕಡೆ ಅದನ್ನು ಕಿತ್ತುಹಾಕುವ ಫಾಸ್ಫಟೇಸ್ ಎನ್‌ಜೈಮ್ ಸುಮ್ಮನಿರಲ್ಲ.

ತಣ್ಣಗಿಡುವ ಹಟ ಬಿಟ್ಟು ಬಿಸಿಗೇ ಹೋದೆ. ಹೀಲಾ ಸೆಲ್‌ಗೆ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಸೆಲ್) ಸ್ಟ್ಯಾಟ್1ಗೆ ಫಾಸ್ಫೇಟ್ ಅಂಟುವಂತೆ ಮಾಡುವ ಇಂಟರ್‌ಫೆರಾನ್-ಗಾಮಾ 30 ನಿಮಿಷ, ಮೀಡಿಯಾ ಎಳೆದು ಒಂದೇ ಸಲ ಟಿಬಿಎಸ್ ಉಪ್ಪುನೀರಿನ ಬಫರ್‌ನಲ್ಲಿ ತೊಳೆದು, 95 ಡಿಗ್ರಿಯ ಲೇಮ್ಲಿ ಬಫರ್ ನೇರವಾಗಿ ಪ್ಲೇಟಿಗೇ. ಅದರಲ್ಲಿರುವ ಎಸ್‌ಡಿಎಸ್ ಡಿಟರ್ಜೆಂಟ್ ಜೊತೆಗೆ ಆ ಬಿಸಿ, ಯಾವ ಎನ್‌ಜೈಮೂ ಉಳಿಯಲ್ಲ. ಡಿಎನ್‌ಎ ಮಾತ್ರ ಲೋಳೆಸರದ ತಿರುಳಿನ ಹಾಗೆ ಟಿಪ್‌ಗೆ ಅಂಟಿ ನೂಲು ನೂಲಾಗಿ ಏಳುತ್ತದೆ. ಇನ್ಸುಲಿನ್ ಸಿರಿಂಜಿನಲ್ಲಿ ಹತ್ತು ಸಲ ಎಳೆದು ಬಿಟ್ಟರೆ ನೀರಾಗುತ್ತದೆ. ಪ್ರೋಟೀನ್ ಅಳೆಯುವ ಬ್ರಾಡ್‌ಫರ್ಡ್ ಪರೀಕ್ಷೆ ಇದರಲ್ಲಿ ನಡೆಯಲ್ಲ. ಸೆಲ್ ಎಣಿಸಿ ಲೋಡ್ ಮಾಡಿ, ಪೋನ್‌ಸೋ ಬಣ್ಣದಲ್ಲಿ ತಾಳೆ ನೋಡುತ್ತೇನೆ. ಹಳೇ ವಯಲ್‌ನಲ್ಲೇ ಬ್ಯಾಂಡ್ ಬಂತು.

ಇನ್ನು ಉಳಿತಾಯ. 1:1000ದಲ್ಲಿ (ಸಾವಿರಕ್ಕೆ ಒಂದು ಪಾಲು ಆ್ಯಂಟಿಬಾಡಿ) 10 ಎಂಎಲ್ ಅಂದರೆ ಒಂದು ಬ್ಲಾಟ್‌ಗೆ 4,500 ರೂಪಾಯಿ ಆ್ಯಂಟಿಬಾಡಿಗೇ ಹೋಯಿತು. ನಾನು ಮೆಂಬ್ರೇನನ್ನು ಅಡ್ಡಡ್ಡ ಕತ್ತರಿಸಿ, 70ರಿಂದ 130 ಕಿಲೋಡಾಲ್ಟನ್‌ವರೆಗಿನ ಪಟ್ಟಿಯನ್ನು ಮಾತ್ರ ಪ್ಲಾಸ್ಟಿಕ್ ಕವರ್‌ನಲ್ಲಿ ಸೀಲ್ ಮಾಡುತ್ತೇನೆ. ಸೀಲರ್ ಮಂಡಿಪೇಟೆಯಲ್ಲಿ ತಂದದ್ದು, ಖಾರ ಮಂಡಕ್ಕಿ ಪ್ಯಾಕ್ ಮಾಡುವಂಥದ್ದು, ಸಾವಿರದೈನೂರರ ಆಸುಪಾಸು. ಒಂದೂವರೆ ಎಂಎಲ್ ಸಾಕು, ಗುಳ್ಳೆ ಇರಬಾರದು. ಅಲ್ಲಿಗೆ ಖರ್ಚು 700ರ ಒಳಗೆ. 0.02% ಅಜೈಡ್ ಹಾಕಿ ಫ್ರಿಜ್‌ನಲ್ಲಿಟ್ಟು ಅದನ್ನೇ ಐದಾರು ಸಲ ಬಳಸುತ್ತೇನೆ. ಅಜೈಡ್ ಎಚ್‌ಆರ್‌ಪಿಯನ್ನು (ಸೆಕೆಂಡರಿ ಆ್ಯಂಟಿಬಾಡಿಗೆ ಅಂಟಿರುವ, ಬೆಳಕು ಬರಿಸುವ ಎನ್‌ಜೈಮ್) ಕೊಲ್ಲುತ್ತದೆ, ಹಾಗಾಗಿ ಸೆಕೆಂಡರಿಗೆ ಮುಂಚೆ ಚೆನ್ನಾಗಿ ತೊಳೆಯಿರಿ. ಸಲದಿಂದ ಸಲಕ್ಕೆ ಸಿಗ್ನಲ್ ಇಳಿಯುತ್ತದೆ; ಬೇರೆ ಬೇರೆ ಬ್ಲಾಟ್‌ಗಳ ಬ್ಯಾಂಡ್ ಹೋಲಿಸಲೇಬೇಡಿ. ಕಂಟ್ರೋಲ್, ಟ್ರೀಟೆಡ್ ಎರಡೂ ಒಂದೇ ಪಟ್ಟಿಯಲ್ಲಿರಲಿ. ಆ ದ್ರಾವಣಕ್ಕೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಪೇಪರ್ ಬರುವವರೆಗೆ ಅದು ನನ್ನ ಹತ್ತಿರವೇ ಇರಲಿ.

ಬ್ಲಾಕಿಂಗ್‌ಗೆ, ಅಂದರೆ ಆ್ಯಂಟಿಬಾಡಿ ಮೆಂಬ್ರೇನಿಗೆ ಎಲ್ಲೆಂದರಲ್ಲಿ ಅಂಟದ ಹಾಗೆ ಮುಚ್ಚಲು, ನಂದಿನಿ ಹಾಲಿನ ಪುಡಿಯನ್ನೂ ಪರೀಕ್ಷಿಸಿದೆ. ಕೇಸಿನ್ ತಾನೇ ಫಾಸ್ಫೋಪ್ರೋಟೀನ್, ಹಾಲು ಮುಟ್ಟಬೇಡಿ ಅನ್ನುತ್ತಾರಲ್ಲ. ಬ್ಲಾಕಿಂಗ್ ಹಾಲಿನಲ್ಲಿ ಮಾಡಿ ಪ್ರೈಮರಿ (ಮೊದಲ) ಆ್ಯಂಟಿಬಾಡಿ ಮಾತ್ರ ಬಿಎಸ್‌ಎಯಲ್ಲಿ (ದನದ ಸೀರಮ್‌ನ ಪ್ರೋಟೀನ್) ಹಾಕಿದರೆ ಬ್ಯಾಕ್‌ಗ್ರೌಂಡ್ ಇನ್ನೂ ಶುಭ್ರ, ಬಿಎಸ್‌ಎ ಖರ್ಚೂ ಅರ್ಧ. ಡಬ್ಬಿಯೊಳಗೆ ಮೊಬೈಲ್ ಇಟ್ಟು ಫೋಟೋ ತೆಗೆಯುವುದನ್ನೂ ನೋಡಿದೆ. ಸೆಲ್‌ನಲ್ಲಿ ಹೇರಳವಾಗಿರುವ ಆಕ್ಟಿನ್ ಪ್ರೋಟೀನ್ ಕಾಣುತ್ತದೆ, ಸ್ಟ್ಯಾಟ್1 ಇಲ್ಲ. ಕೊನೆಗೆ ಎಕ್ಸ್‌ರೇ ಫಿಲ್ಮೇ ಗತಿ. ಆಸ್ಪತ್ರೆಗಳೆಲ್ಲ ಡಿಜಿಟಲ್ ಆಗಿ ನೀಲಿ ಬೆಳಕಿನ ಫಿಲ್ಮ್ ಸಿಗುವುದೇ ಕಷ್ಟ, ಸಿಕ್ಕಾಗ ಎರಡು ಡಬ್ಬಿ ತೆಗೆದಿಡಿ.

ಇದು ನಿಜವಾಗಿ ಸ್ಟ್ಯಾಟ್1ನದೇ ಸಿಗ್ನಲ್ಲಾ ಅಂತ ಕೇಳಿದವರಿಗೆ ರಕ್ಸೋಲಿಟಿನಿಬ್ ಬ್ಲಾಟ್ ತೋರಿಸಿದೆ. ಸ್ಟ್ಯಾಟ್1ಗೆ ಫಾಸ್ಫೇಟ್ ಅಂಟಿಸುವ ಜ್ಯಾಕ್ 1, 2 ಎನ್‌ಜೈಮ್ ಎರಡನ್ನೂ ತಡೆಯುವ ಔಷಧಿ. ಇಂಟರ್‌ಫೆರಾನ್‌ಗೆ ಒಂದು ಗಂಟೆ ಮೊದಲು 1 ಮೈಕ್ರೋಮೋಲಾರ್ ಕೊಟ್ಟ ಲೇನ್‌ನಲ್ಲಿ ಎರಡೂ ಬ್ಯಾಂಡ್ ಮಾಯ, ಟೋಟಲ್ ಸ್ಟ್ಯಾಟ್1 (ಫಾಸ್ಫೇಟ್ ಇದ್ದದ್ದು, ಇಲ್ಲದ್ದು ಎಲ್ಲ ಸೇರಿ) ಇದ್ದ ಹಾಗೇ ಇದೆ. ಬೆಂಗಳೂರಿಗೆ ಕಳಿಸಿ ಅಂದವರಲ್ಲಿ ಇಬ್ಬರು ಈಗ ತಮ್ಮ ಲೈಸೇಟ್ ನಮಗೆ ಕಳಿಸುತ್ತಿದ್ದಾರೆ.