ರಾತ್ರಿ ಕೂತ್ಕೊಳ್ಳೋ ಗಾಡಿ, ಬೆಳಿಗ್ಗೆ ಸತ್ತಿರೋ ಬ್ಯಾಟರಿ: ಎರಡಕ್ಕೂ ಒಂದೇ ಕಾರಣ ಇತ್ತು

ನಾನೇ ರಿಪೇರಿ ಮಾಡಿ ಎರಡು ವರ್ಷದ ಮೇಲಾಯ್ತು, ಗಾಡಿ ಒಂದು ರಾತ್ರಿನೂ ಕೂತಿಲ್ಲ, ಬ್ಯಾಟರಿ ಒಂದ್ಸಲನೂ ಕೈ ಕೊಟ್ಟಿಲ್ಲ, ಅದಕ್ಕೇ ಈಗ ಬರೀತಿದೀನಿ. ಮೊದ್ಲೇ ಬರೆದಿದ್ರೆ "ಆರು ತಿಂಗ್ಳು ತಡಿಯಪ್ಪಾ, ಮತ್ತೆ ಬರುತ್ತೆ ನೋಡು" ಅನ್ನೋರು ಬಹಳ ಜನ ಇದ್ರು.

ನಂದು ಜರ್ಮನ್ ಸೆಡಾನ್, ಡೀಸೆಲ್, ನಾಲ್ಕೂ ಕಡೆ ಏರ್ ಸಸ್ಪೆನ್ಷನ್, ಅಂದ್ರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ಕಂಪನಿ ಹೆಸರು ಬೇಡ, ಗಾಳಿ ಮೇಲೆ ನಿಲ್ಲೋ ಗಾಡಿ ಯಾವ್ದೇ ಆದ್ರೂ ವಯಸ್ಸಾದ್ಮೇಲೆ ರಬ್ಬರ್ ಬಿರುಕು ಬಿಡೋದೇ. 2019ರಲ್ಲಿ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, ಹದಿಮೂರೂವರೆ ಲಕ್ಷದ ಹತ್ರ. ಇರೋದು ದಾವಣಗೆರೇಲಿ. ಇಲ್ಲಿ ಇದನ್ನ ಮುಟ್ಟೋ ಮೆಕ್ಯಾನಿಕ್ ನಂಗೆ ಸಿಗ್ಲಿಲ್ಲ, ಏನಾದ್ರೂ ಆದ್ರೆ ಫ್ಲಾಟ್‌ಬೆಡ್ ಮೇಲೆ ಹಾಕಿ ಬೆಂಗಳೂರಿಗೆ ಕಳಿಸ್ಬೇಕು, 260 ಕಿಲೋಮೀಟರ್, ಒಂದ್ಸಲದ ಬಾಡಿಗೆನೇ ಆಗ ಹದಿನಾಲ್ಕು ಹದಿನೈದು ಸಾವಿರ ಇತ್ತು.

2021ರ ಮಳೆಗಾಲದಲ್ಲಿ ಶುರುವಾಯ್ತು. ಬೆಳಿಗ್ಗೆ ನೋಡಿದ್ರೆ ಮುಂದಿನ ಎಡಗಡೆ ಗಾಲಿ ಫೆಂಡರ್ ಒಳಗೆ ಹೋಗಿರೋದು, ಸ್ಟಾರ್ಟ್ ಮಾಡಿದ್ರೆ ಒಂದು ನಿಮಿಷಕ್ಕೆ ಎದ್ದು ನಿಲ್ಲೋದು. ಅದರ ಜೊತೆಗೇ ಇನ್ನೊಂದು, ನಾಲ್ಕು ದಿನ ನಿಲ್ಲಿಸಿದ್ರೆ ಸೆಲ್ಫೇ ಇಲ್ಲ, ಜಂಪ್ ಕೊಟ್ಟು ಎಬ್ಬಿಸಿದ್ರೆ ಡ್ಯಾಶ್ ತುಂಬಾ ಎರರ್: ಗೇರ್‌ಬಾಕ್ಸ್, ಎಬಿಎಸ್, ಪಾರ್ಕಿಂಗ್ ಬ್ರೇಕ್. ಬೆಂಗಳೂರಿನ ಒಂದು ಸರ್ವೀಸ್ ಸೆಂಟರಿಗೆ ಕಳಿಸಿದೆ. "ಸರ್, ಇವು ಬೇರೆ ಬೇರೆ ಪ್ರಾಬ್ಲಮ್" ಅಂದು ಮುಂದಿನ ಎರಡು ಸ್ಟ್ರಟ್ (ಗಾಳಿ ಚೀಲ, ಶಾಕ್ ಅಬ್ಸಾರ್ಬರ್ ಸೇರಿರೋ ಕಂಬ), ಗಾಳಿ ತುಂಬೋ ಕಂಪ್ರೆಸರ್, ಬ್ಯಾಟರಿ, ಮೇಲೆ ಗೇಟ್‌ವೇ ಮಾಡ್ಯೂಲ್ (ಗಾಡಿಯ ಸಣ್ಣ ಸಣ್ಣ ಕಂಪ್ಯೂಟರುಗಳನ್ನ, ಅಂದ್ರೆ ಮಾಡ್ಯೂಲುಗಳನ್ನ, ಒಂದಕ್ಕೊಂದು ಜೋಡಿಸೋದು), ಎಲ್ಲಾ ಸೇರಿ ಐದು ಲಕ್ಷದ ಹತ್ರ ಎಸ್ಟಿಮೇಟ್ ಕೊಟ್ರು. ಮನೇಲಿ ಮಾವ "ಸುಮ್ನೆ ಒಂದು ಇನ್ನೋವಾ ತಗೊಂಡಿದ್ರೆ ಆಗ್ತಿತ್ತಲ್ಲಪ್ಪಾ" ಅಂದ್ರು. ಗಾಡಿ ವಾಪಸ್ ತಂದೆ, ನಾನೇ ಮಾಡ್ತೀನಿ ಅಂತ.

ಮೊದಲು ಮಾಡಿದ್ದೆಲ್ಲ ತಪ್ಪೇ. ಬೆಂಗಳೂರಿನ ಜೆಸಿ ರೋಡಿಂದ ಹದಿನೆಂಟು ಸಾವಿರದ ಕಂಪ್ರೆಸರ್ ತಂದು ಹಾಕಿದೆ, ಗಾಳಿ ಲೀಕ್ ಹಾಗೇ ಇತ್ತಲ್ಲ, ಅದೂ ದುಡಿದು ದುಡಿದು ಐದು ತಿಂಗಳಿಗೆ ಸುಟ್ಟೋಯ್ತು. ಹಳೇ ರಿಲೇ (ಕಂಪ್ರೆಸರಿಗೆ ಕರೆಂಟ್ ಬಿಡೋ ಸ್ವಿಚ್) ಬದಲಾಯಿಸಿರ್ಲಿಲ್ಲ, ಅದರ ಕಾಂಟ್ಯಾಕ್ಟ್ ಅಂಟ್ಕೊಂಡಿತ್ತು, ಅದೂ ಒಂದು ಕಾರಣ. ಇನ್ನೂರೈವತ್ತು ರೂಪಾಯಿ ರಿಲೇ ಹದಿನೆಂಟು ಸಾವಿರ ತಿಂತು. 95 ಆಂಪ್-ಅವರ್ ಎಜಿಎಂ ಬ್ಯಾಟರಿಗೆ ಇಪ್ಪತ್ನಾಲ್ಕು ಸಾವಿರ ಕೊಟ್ಟೆ, ಹಾಕಿದ್ಮೇಲೆ ಗಾಡಿಗೆ ರಿಜಿಸ್ಟರ್ ಮಾಡ್ಲಿಲ್ಲ, ಅಂದ್ರೆ ಬ್ಯಾಟರಿ ಹೊಸದು ಅಂತ ಗಾಡಿ ಕಂಪ್ಯೂಟರಿಗೆ ತಿಳಿಸ್ಲಿಲ್ಲ, ಹೊಸ ಬ್ಯಾಟರಿನ ಅದು ಹಳೇದು ಅಂತಾನೇ ತಿಳ್ಕೊಂಡು ಚಾರ್ಜ್ ಮಾಡ್ತಿತ್ತು, ವರ್ಷಕ್ಕೆ ಅದೂ ಹೋಯ್ತು.

ಆಮೇಲೆ ಒಂದು ರಾತ್ರಿ ಗಾಡಿ ಪಕ್ಕ ಕುರ್ಚಿ ಹಾಕ್ಕೊಂಡು ಕೂತೆ. ಡ್ರೇನ್ (ಗಾಡಿ ನಿಂತಿದ್ದಾಗ ಬ್ಯಾಟರಿ ತಿನ್ನೋದು ಯಾವ್ದು ಅಂತ) ಹುಡುಕೋಕೆ ಒಂದೊಂದೇ ಫ್ಯೂಸ್ ಕಿತ್ತು ನೋಡ್ತಾರಲ್ಲ, ಈ ಗಾಡಿಗಳಲ್ಲಿ ಅದು ನಡೆಯಲ್ಲ, ಫ್ಯೂಸ್ ವಾಪಸ್ ಹಾಕಿದ ತಕ್ಷಣ ಮಾಡ್ಯೂಲ್ ಎದ್ದು ಕೂರುತ್ತೆ, ಆಮೇಲೆ ನೀವು ಅಳೆಯೋದು ಎದ್ದಿರೋ ಗಾಡಿನ. ಬಾನೆಟ್, ಡಿಕ್ಕಿ ಎರಡರ ಲ್ಯಾಚ್ ಸ್ಕ್ರೂಡ್ರೈವರಲ್ಲಿ ಮುಚ್ಚಿಸಿ (ಬಾಗಿಲು ಮುಚ್ಚಿದೆ ಅಂತ ಗಾಡಿ ನಂಬ್ಲಿ ಅಂತ), ಕೀ ಮನೆ ಒಳಗಿಟ್ಟು, ಲಾಕ್ ಮಾಡಿ ಬಿಟ್ಟೆ. ಮಾಡ್ಯೂಲುಗಳೆಲ್ಲ ಮಲಗೋಕೆ ನಲವತ್ತು ನಿಮಿಷ ತಗೊಳ್ತು, ಬ್ಯಾಟರಿ ಅರ್ಥ್ (ನೆಗೆಟಿವ್) ಕೇಬಲ್ ಮೇಲಿನ ಡಿಸಿ ಕ್ಲಾಂಪ್ ಮೀಟರಲ್ಲಿ ಮೂವತ್ತೈದು ನಲವತ್ತು ಮಿಲಿಆಂಪ್, ಅಂದ್ರೆ ಪಕ್ಕಾ ಆರೋಗ್ಯ. ಯಾವ ಲೈನ್ ಎಳೀತಿದೆ ಅಂತ ನೋಡೋಕೆ ಫ್ಯೂಸ್ ಕೀಳದೇ ಅದರ ತಲೆ ಮೇಲಿನ ಎರಡು ಚುಕ್ಕೆಗೆ ಮೀಟರ್ ಇಟ್ಟು ಮಿಲಿವೋಲ್ಟ್ ನೋಡೋದು, ಕರೆಂಟ್ ಹರೀತಿದ್ರೆ ಅಲ್ಲಿ ಸಣ್ಣ ವೋಲ್ಟೇಜ್ ತೋರ್ಸುತ್ತೆ.

ರಾತ್ರಿ ಒಂದೂಕಾಲಿಗೆ ಕ್ಲಾಂಪ್ ಮೀಟರ್ ಒಂದೇ ಸಲ ಆರು ಆಂಪಿಗೆ ಹಾರ್ತು. ಯಾರೂ ಮುಟ್ಟಿಲ್ಲ, ನಾಯಿನೂ ಹತ್ರ ಬಂದಿಲ್ಲ. ಐದಾರು ಸೆಕೆಂಡ್ ಆದ್ಮೇಲೆ ಕೆಳಗಿಂದ ಗುರ್ರ್ ಅಂತ ಕಂಪ್ರೆಸರ್ ಸೌಂಡು, ಇಪ್ಪತ್ತೈದು ಸೆಕೆಂಡ್ ಓಡ್ತು, ನಿಲ್ತು. ಮುಂದಿನ ಎಡಗಡೆ ಕಣ್ಣಿಗೆ ಕಾಣೋ ಹಾಗೆ ಎದ್ದಿತ್ತು. ಆಮೇಲೆ ಮಾಡ್ಯೂಲುಗಳು ಇಪ್ಪತ್ತು ನಿಮಿಷ ಮಲಗ್ಲೇ ಇಲ್ಲ, ಆರು ಆಂಪ್ ಹಾಗೇ. ನಂಗೆ ಮೈ ಜುಂ ಅಂತು. ಗಾಳಿ ಸೋರುತ್ತೆ, ಹೈಟ್ ಕಮ್ಮಿ ಆಗುತ್ತೆ, ಅದನ್ನ ಸರಿ ಮಾಡೋಕೆ ಗಾಡಿ ತಾನೇ ಎದ್ದು ಬ್ಯಾಟರಿ ತಿನ್ನುತ್ತೆ. ಒಂದ್ಸಲ ಎದ್ರೆ ಎರಡು ಆಂಪ್-ಅವರ್ ಅಂತ ಹಿಡ್ಕೊಳ್ಳಿ, ರಾತ್ರಿಗೆ ಐದಾರು ಸಲ ಎದ್ರೆ ಹತ್ತು ಹನ್ನೆರಡು, ನಾಲ್ಕು ದಿನಕ್ಕೆ ಅರ್ಧ ಬ್ಯಾಟರಿ ಖಾಲಿ. ಕ್ರ್ಯಾಂಕ್ ಮಾಡುವಾಗ ವೋಲ್ಟೇಜ್ ಬಿದ್ದು ಎಲ್ಲಾ ಮಾಡ್ಯೂಲೂ ಎರರ್ ಕೂಗುತ್ವೆ. ಗೇಟ್‌ವೇಗೆ ಏನೂ ಆಗಿರ್ಲಿಲ್ಲ, ಅದೊಂದಕ್ಕೇ ಲಕ್ಷದ ಮೇಲೆ ಹಾಕಿದ್ರು.

ಲೀಕ್ ಹುಡುಕೋದೂ ಸುಲಭ ಆಗ್ಲಿಲ್ಲ. ಸೋಪಿನ ನೀರು ಹೊಡೆದೆ, ಒಂದು ಗುಳ್ಳೆನೂ ಬರ್ಲಿಲ್ಲ. ಎರಡು ವಾರ ಅದೇ. ಕಾರಣ ಏನಂದ್ರೆ ಗಾಡಿನ ಎತ್ತಿಟ್ಟು ನೋಡ್ತಿದ್ದೆ, ಆಗ ಬೆಲ್ಲೋ (ಗಾಳಿ ತುಂಬೋ ರಬ್ಬರ್ ಚೀಲ) ಮಡಿಕೆ ಬೇರೆ ಕಡೆ ಇರುತ್ತೆ, ಬಿರುಕು ಮುಚ್ಕೊಂಡಿರುತ್ತೆ. ನಾರ್ಮಲ್ ಹೈಟಲ್ಲಿ ಇಟ್ಟು ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿ, ಕನ್ನಡಿ ಒಳಗೆ ತೂರಿಸಿ ನೋಡಿದಾಗ ಕೆಳಗಿನ ಮಡಿಕೇಲಿ ಸಾಸಿವೆ ಗಾತ್ರದ ಗುಳ್ಳೆ ಸಾಲು. ಸೋಪಿನ ನೀರಿಗೆ ನಾನು ಇನ್ನೊಂದು ಸೇರಿಸ್ತೀನಿ, ಅದ್ರಿಂದ್ಲೇ ಅಷ್ಟು ಸಣ್ಣದು ಕಂಡಿದ್ದು, ಅದು ನನ್ ಹತ್ರನೇ ಇರ್ಲಿ. ಗಾಡಿ ಕೆಳಗೆ ಕೈ ಹಾಕೋ ಮುಂಚೆ ಜಾಕ್ ಮೋಡ್ (ಗಾಡಿ ತಾನೇ ಏರಿಳಿಯದ ಹಾಗೆ ಮಾಡೋ ಸೆಟ್ಟಿಂಗ್) ಹಾಕಿ, ಸ್ಟ್ಯಾಂಡ್ ಕೊಡಿ. ಗಾಳಿ ನಂಬಿ ತಲೆ ತೂರಿಸ್ಬೇಡಿ.

ಪೂರ್ತಿ ಸ್ಟ್ರಟ್ ಬದಲು ಬರೀ ರಬ್ಬರ್ ಬೆಲ್ಲೋ ಮತ್ತೆ ರಿಂಗ್ ಕಿಟ್ ತರಿಸಿದೆ, ಒಂಬತ್ತು ಸಾವಿರ ಚಿಲ್ಲರೆ. ರಿಂಗ್ ಕ್ರಿಂಪ್ ಮಾಡೋಕೆ (ಸುತ್ತಲೂ ಒತ್ತಿ ಬಿಗಿ ಮಾಡೋಕೆ) ಜೆಸಿಬಿ ಹೋಸ್ ಒತ್ತೋ ಅಂಗಡಿಗೆ ಹೋದೆ, ಅವರ ಡೈ (ಒತ್ತೋ ಅಚ್ಚು) ಸಾಲ್ಲಿಲ್ಲ. ಲೇತ್ ಅಂಗಡಿ ಯಜಮಾನ್ರಿಗೆ ಚಿತ್ರ ಬರೆದು ಕೊಟ್ಟೆ, ಎರಡು ಹೋಳಿನ ಕ್ಲಾಂಪ್ ಮಾಡಿಕೊಟ್ರು, ಸಾವಿರದ ಎಂಟುನೂರು ತಗೊಂಡ್ರು. "ಇದು ನಿಲ್ಲಲ್ರೀ ಸಾರ್, ರಬ್ಬರ್ ಜಾರುತ್ತೆ" ಅಂತ ಅವರೂ ಅಂದ್ರು. ಮೊದಲ್ನೇದು ಜಾರ್ತು, ನಿಜ. ಕಿಟ್ ಹಾಳು, ಇನ್ನೊಂದು ಒಂಬತ್ತು ಸಾವಿರ. ಎರಡನೇ ಸಲ ಕ್ಲಾಂಪ್ ಒಳಮೈಗೆ ಒಂದು ಬದಲಾವಣೆ ಮಾಡಿಸಿದೆ (ಅಳತೆ ಕೇಳ್ಬೇಡಿ, ಎರಡು ಕಿಟ್ ದುಡ್ಡು ಅದರಲ್ಲಿದೆ), ಪಂಕ್ಚರ್ ಅಂಗಡಿ ತೊಟ್ಟೀಲಿ ಮೂವತ್ತು ಪಿಎಸ್‌ಐ ಹಾಕಿ ಮುಳುಗಿಸಿದ್ವಿ, ಅರ್ಧ ಗಂಟೆ ಒಂದು ಗುಳ್ಳೆನೂ ಇಲ್ಲ. ಗಾಡಿಯಿಂದ ಬಿಚ್ಚಿ ಹೊರಗಡೆ ಇಟ್ಟಾಗ ಅದಕ್ಕಿಂತ ಜಾಸ್ತಿ ಗಾಳಿ ಹಾಕ್ಬೇಡಿ, ಬೆಲ್ಲೋ ಬಲೂನ್ ತರ ಉಬ್ಬಿ ಸಿಡಿಯುತ್ತೆ.

ಸುಟ್ಟ ಹೊಸ ಕಂಪ್ರೆಸರ್ ಬಿಸಾಕಿ ಹಳೇದನ್ನೇ ಬಿಚ್ಚಿದೆ. ಪಿಸ್ಟನ್ ರಿಂಗ್ ಸವೆದಿತ್ತು, ಸಾವಿರದೈನೂರಕ್ಕೆ ಕಿಟ್ ಸಿಕ್ತು. ಗಾಳಿಯ ತೇವ ಹೀರೋ ಡ್ರೈಯರ್ ಒಳಗಿನ ಸಿಲಿಕಾ ಕಾಳು ತೇವ ಕುಡಿದು ಅರ್ಧ ಪುಡಿಯಾಗಿತ್ತು, ಆ ಪುಡಿ ನಾಲ್ಕೂ ಗಾಲಿಗೆ ಗಾಳಿ ಹಂಚೋ ವಾಲ್ವ್ ಬ್ಲಾಕಿಗೆ ಹೋದ್ರೆ ಮುಗೀತು ಕಥೆ, ಹೊಸ ಕಾಳು ತುಂಬಿದೆ. ಈ ಸಲ ರಿಲೇನೂ ಹೊಸದು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದ್ದೆ. ನಮ್ಮೂರ ಹಂಪ್‌ಗಳಿಗೆ ಬಂಪರ್ ತಾಗುತ್ತೆ ಅಂತ ಮುಂದಿನ ಹೈಟ್ ಸೆನ್ಸರ್ ಕಡ್ಡಿ ಉದ್ದ ಬದಲಾಯಿಸಿ ಮೂಗು ಒಂದು ಇಂಚು ಎತ್ತಿದೆ. ಹಂಪ್ ದಾಟ್ತು, ಆದ್ರೆ ರಾತ್ರಿ ಹರಿಹರ ರೋಡಲ್ಲಿ ಎದುರಿಗೆ ಬರೋ ಲಾರಿ ಎಲ್ಲಾ ಲೈಟ್ ಹೊಡಿಯೋಕೆ ಶುರು. ಹೆಡ್‌ಲೈಟ್ ಲೆವೆಲಿಂಗ್ ಕೂಡ ಅದೇ ಸೆನ್ಸರ್ ನಂಬೋದು, ಗಾಡಿ ಮೂಗು ಎತ್ತಿದ್ರೂ ಸಮ ಇದೀನಿ ಅಂದ್ಕೊಂಡು ಬೆಳಕು ಆಕಾಶಕ್ಕೆ ಬಿಡ್ತಿತ್ತು. ಮಾರನೇ ದಿನವೇ ವಾಪಸ್ ಮಾಡಿದೆ.

ಬ್ಯಾಟರಿ ಇನ್ನೊಂದು ತಗೊಂಡು ಈ ಸಲ ಲ್ಯಾಪ್‌ಟಾಪಲ್ಲಿ ರಿಜಿಸ್ಟರ್ ಮಾಡಿದೆ. ಪೋಲಾಗಿದ್ದೂ ಸೇರಿಸಿ ಒಟ್ಟು ತೊಂಬತ್ತು ಸಾವಿರ ಆಗಿರ್ಬೇಕು, ಪೋಲಾಗಿದ್ದು ಬಿಟ್ರೆ ನಲವತ್ತರ ಒಳಗೆ. ಆಮೇಲೆ ಇಪ್ಪತ್ತೆರಡು ಸಾವಿರ ಕಿಲೋಮೀಟರ್ ಓಡಿದೆ. ಹೋದ ದೀಪಾವಳಿಗೆ ಹನ್ನೊಂದು ದಿನ ಊರಲ್ಲಿರ್ಲಿಲ್ಲ, ವಾಪಸ್ ಬಂದು ಟೇಪ್ ಹಿಡಿದೆ, ಎಡ ಬಲ ಎರಡೂ ಕಡೆ ಅರ್ಧ ಬೆರಳೂ ಇಳಿದಿರ್ಲಿಲ್ಲ, ಒಂದೇ ಸೆಲ್ಫಿಗೆ ಸ್ಟಾರ್ಟ್. ಮಾವನೇ ಪಕ್ಕದಲ್ಲಿ ಕೂತಿದ್ರು. ಮುಂದಿನ ಬಲಗಡೆ ಬೆಲ್ಲೋಗೂ ಅಷ್ಟೇ ವಯಸ್ಸಾಗಿದೆ, ಅದರ ಕಿಟ್ ತಂದು ಕಪಾಟಲ್ಲಿ ಇಟ್ಟಿದೀನಿ.